ಒಳಗೆ ಮಂಚ ಇದೆ

ಕ್ಯಾಟಲಿನಾ ಚೆಂದದ ವಿಮಾನ ಅಂತ ಅದರ ಅಭಿಮಾನಿಯಾದ ನಾನೂ ಹೇಳಲಾರೆ. ಕೆಳಗೆ ದೋಣಿಯ ಹೊಟ್ಟೆ, ಹೊಟ್ಟೆಯ ಮೇಲೊಂದು ದಪ್ಪ ಕಂಬ, ಕಂಬದ ಮೇಲೆ 104 ಅಡಿಯ ರೆಕ್ಕೆ. ದೋಣಿಗೆ ಮದುವೆ ಮನೆಯ ಚಪ್ಪರ ಹಾಕಿಸಿ, ಆ ಚಪ್ಪರಕ್ಕೆ ಎರಡು ಎಂಜಿನ್ ಬಿಗಿದು ಹಾರಿಸಿಬಿಟ್ಟ ಹಾಗಿದೆ. ಬಾಲದ ಕಡೆ ಎರಡೂ ಪಕ್ಕಕ್ಕೆ ಉಬ್ಬಿಕೊಂಡ ಗಾಜಿನ ಕಿಟಕಿ. ರೆಕ್ಕೆಯ ತುದಿಗಳಲ್ಲಿ ಎರಡು ತೇಲುಬುಂಡೆ. ನೀರು ಬಿಟ್ಟು ಮೇಲೆದ್ದ ಮೇಲೆ ಅವು ಮಡಚಿಕೊಂಡು ತಾವೇ ರೆಕ್ಕೆಯ ತುದಿಯಾಗಿಬಿಡುತ್ತವೆ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ಈ ಹಾರುದೋಣಿ ಮೊದಲು ಹಾರಿದ್ದು 1935ರಲ್ಲಿ. ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್ ಇದ್ದರೂ ಗಂಟೆಗೆ 200 ಕಿಲೋಮೀಟರಿನ ಆಸುಪಾಸಿನಲ್ಲಿ ಸಾವಕಾಶವಾಗಿ ಹೋಗುತ್ತಿತ್ತು. ಅವಸರದ ಪ್ರಾಣಿಯಲ್ಲ, ಆದರೆ ಒಮ್ಮೆ ಹೊರಟರೆ ಬೇಗ ಇಳಿಯುವ ಪ್ರಾಣಿಯೂ ಅಲ್ಲ. ಇಂಥವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ನನ್ನದೂ ಹೆಚ್ಚುಕಡಿಮೆ ಅದೇ ದೇಹ, ಅದೇ ವೇಗ.

ಹೀಗಾಗಿ ಹುಟ್ಟುಹಬ್ಬಕ್ಕೆ ಏನು ಬೇಕಪ್ಪ ಅಂತ ಮಗಳು ಕೇಳಿದಾಗ ‘ಕ್ಯಾಟಲಿನಾ’ ಅಂದೆ. ಯಾವುದೋ ಹೊಸ ಬಿಸ್ಕತ್ತು ಇರಬೇಕು ಅಂದುಕೊಂಡಳು. ಬಂದದ್ದು ಪ್ಲಾಸ್ಟಿಕ್ ಕಿಟ್, ಅಳತೆ 1/72. ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು. ಆರಡಿ ಆಳು ಒಂದಿಂಚಿಗೆ ಇಳಿಯುತ್ತಾನೆ, 104 ಅಡಿಯ ರೆಕ್ಕೆ 44 ಸೆಂಟಿಮೀಟರಿಗೆ ಇಳಿಯುತ್ತದೆ. ಊಟದ ಮೇಜಿನ ಮೇಲೆ ವಿಮಾನ ಹಿಡಿಸುತ್ತದೆ, ಊಟ ಹಿಡಿಸುವುದಿಲ್ಲ. ‘ಬೆಲೆ ಮಾತ್ರ ಎಪ್ಪತ್ತೆರಡರಲ್ಲಿ ಒಂದು ಪಾಲು ಆಗಿಲ್ಲವಲ್ರೀ’ ಎಂದಳು ಹೆಂಡತಿ, ಬಿಲ್ಲನ್ನು ದೂರ ಹಿಡಿದು ಓದುತ್ತ.

ಎದುರು ಮನೆಯವರೂ ಬಂದು ನೋಡಿದರು. ‘ಹಾರತ್ತಾ ಸಾರ್?’ ‘ಇಲ್ಲ.’ ‘ನೀರಲ್ಲಿ ಬಿಟ್ರೆ ತೇಲತ್ತಾ?’ ‘ಇಲ್ಲ.’ ‘ಮತ್ತೆ?’ ಈ ‘ಮತ್ತೆ’ಗೆ ಉತ್ತರ ಕೊಡುವುದು ಕಷ್ಟ. ಹಾರಲೂ ತೇಲಲೂ ಬಲ್ಲ ಯಂತ್ರವೊಂದನ್ನು, ಎರಡೂ ಮಾಡಲಾಗದಂತೆ, ಅತ್ಯಂತ ಶ್ರದ್ಧೆಯಿಂದ ಕಟ್ಟುವುದೇ ಈ ಹವ್ಯಾಸ ಅಂತ ಬಿಡಿಸಿ ಹೇಳಿದರೆ ಬೆಳಗಿನ ವಾಕಿಂಗಿಗೆ ಅವರು ಬೇರೆ ಪಾರ್ಕು ನೋಡಿಕೊಳ್ಳುತ್ತಾರೆ.

ಕಿಟ್‌ನ ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಒಂದೊಂದಕ್ಕೂ ಒಂದು ನಂಬರು. ಕತ್ತರಿಸಿ ತೆಗೆಯಬೇಕು, ಕತ್ತರಿಸಿದ ಗುರುತನ್ನು ಎಮರಿ ಪೇಪರಿನಿಂದ ಉಜ್ಜಬೇಕು. ಚಿಕ್ಕ ಭಾಗ ಹಿಡಿಯಲು ಹೆಂಡತಿ ಹುಬ್ಬು ತಿದ್ದಿಕೊಳ್ಳುವ ಚಿಮಟಕ್ಕಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಇದು ಅವಳಿಗೆ ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಚಿಮಟದ ಸ್ವಭಾವವೆಂದರೆ ಹಿಡಿತ ಕೊಂಚ ಬಿಗಿಯಾದರೂ ಹಿಡಿದದ್ದು ಚಿಮ್ಮುತ್ತದೆ. ಮೂತಿಯ ಮೆಷಿನ್‌ಗನ್ನಿನ ನಳಿಗೆ ಹಾಗೇ ಟಿಣ್ಣೆಂದು ಚಿಮ್ಮಿ ಸೋಫಾ ದಾಟಿ ಹೋಯಿತು. ಇಡೀ ವಿಮಾನದಲ್ಲಿ ನಿಜವಾಗಿ ಹಾರಿದ ಭಾಗ ಅದೊಂದೇ. ನಮ್ಮದು ಹಳೆಯ ಮೊಸಾಯಿಕ್ ನೆಲ, ಕರಿ ಬಿಳಿ ಬೂದು ಚುಕ್ಕೆಗಳ ಸಂತೆ. ಬೂದುಬಣ್ಣದ ನಳಿಗೆ ಅದರ ಮೇಲೆ ಬಿದ್ದರೆ ಶತ್ರುವಿನ ಕಣ್ಣಿಗಿರಲಿ, ಯಜಮಾನನ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಸಿಕ್ಕಿದ್ದು ಮನೆಗೆಲಸಕ್ಕೆ ಬರುವಾಕೆಯ ಮೊರದಲ್ಲಿ. ಅಂದಿನಿಂದ ಆಕೆ ಗುಡಿಸಿದ್ದನ್ನು ನೇರವಾಗಿ ಎಸೆಯುವುದಿಲ್ಲ. ಒಂದು ಒಗ್ಗರಣೆ ಸಾಸಿವೆ, ಒಂದು ಪೆನ್ನಿನ ಸ್ಪ್ರಿಂಗು, ಅರ್ಧ ಕಡ್ಲೆಬೇಳೆ, ಎಲ್ಲವನ್ನೂ ಅಂಗೈಯಲ್ಲಿಟ್ಟು ತೋರಿಸಿ, ‘ಅಣ್ಣಾ, ಇದು ಇಮಾನದ್ದಾ?’ ಅಂತ ಕೇಳಿಯೇ ಮುಂದಿನ ಕೋಣೆಗೆ ಹೋಗುತ್ತಾಳೆ.

ಇನ್ನು ಗೋಂದು. ಇದು ಅಂಟಿಸುವ ಗೋಂದಲ್ಲ, ಕರಗಿಸುವ ದ್ರಾವಕ. ಬ್ರಷ್ಷಿನ ತುದಿಯಿಂದ ಒಂದು ಹನಿ ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಉದ್ದಕ್ಕೂ ಹರಿದುಕೊಂಡು ಹೋಗಿ ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಆರಿದ ಮೇಲೆ ಎರಡಿದ್ದದ್ದು ಒಂದು, ಬಿಡಿಸಲು ಬಾರದು. ಆದ್ದರಿಂದ ದೋಣಿಯ ಎಡ ಬಲ ಹೋಳುಗಳನ್ನು ಕೂಡಿಸಿ ಬಟ್ಟೆ ಕ್ಲಿಪ್ಪು ಹಾಕುವ ಮೊದಲೇ ಒಳಗಿನ ಕೆಲಸವೆಲ್ಲ ಮುಗಿದಿರಬೇಕು. ಮುಚ್ಚಿದ ಮೇಲೆ ಒಳಗಿನದು ಬ್ರಹ್ಮನಿಗೂ ಕಾಣದು.

ಒಳಗೇನಿದೆ ಅಂತೀರಾ? ಮಂಚಗಳಿವೆ. ಸಿಬ್ಬಂದಿ ಸರದಿಯ ಮೇಲೆ ಮಲಗುತ್ತಿದ್ದ, ಗೋಡೆಗೆ ಬಿಗಿದ ಮಂಚಗಳು. ಒಂದೊಂದೂ ಒಂದಿಂಚು ಚಿಲ್ಲರೆ ಉದ್ದ. ಹಾಸಿಗೆಗೆ ಖಾಕಿ ಹಚ್ಚಿದೆ, ಹೊದಿಕೆಗೆ ಬೂದು, ಹೊದಿಕೆಯ ಮಡಿಕೆಗೆ ಇನ್ನೊಂದಿಷ್ಟು ಗಾಢ ಬೂದು. ದಿಂಬಿಗೆ ಬಿಳಿ ಹಚ್ಚಿ, ಯುದ್ಧಕಾಲದಲ್ಲಿ ಅಷ್ಟು ಬೆಳ್ಳಗಿನ ದಿಂಬು ಎಲ್ಲಿಂದ ಬರಬೇಕು ಅನ್ನಿಸಿ, ನಡುವೆ ತಲೆಯೆಣ್ಣೆಯ ಹಳದಿಯನ್ನು ತುಸುವೇ ಮುಟ್ಟಿಸಿದೆ. ಹೆಂಡತಿ ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು.

‘ಮುಚ್ಚಿದ ಮೇಲೆ ಇದು ಕಾಣತ್ತೇನ್ರೀ?’

‘ಇಲ್ಲ.’

‘ನಮ್ಮ ರೂಮಿನ ಹಾಸಿಗೆ ಕಾಣತ್ತೆ. ಅದರ ಹೊದಿಕೆ ಯಾವಾಗ ಮಡಚ್ತೀರಿ?’

ಆ ಮಂಚಗಳಿಗೆ ಮರ್ಯಾದೆ ಸಲ್ಲಬೇಕು ಎನ್ನುವುದಕ್ಕೆ ನನ್ನಲ್ಲಿ ಕಾರಣಗಳಿವೆ. ಕ್ಯಾಟಲಿನಾದ ಉದ್ಯೋಗವೇ ಸಮುದ್ರದ ಮೇಲೆ ಗಂಟೆಗಟ್ಟಲೆ ಕಾವಲು ತಿರುಗುವುದು. ಸಿಲೋನಿನ ಕೊಗ್ಗಲದಿಂದ ಹೊರಟ ಕೆನಡಾದ ಲೆನರ್ಡ್ ಬರ್ಚಲ್ 1942ರ ಏಪ್ರಿಲ್ 4ರಂದು ದಿನವಿಡೀ ತಿರುಗಿ, ಇನ್ನೇನು ಮರಳಬೇಕು ಎನ್ನುವಾಗ ಕಂಡದ್ದು ಸಿಲೋನಿನತ್ತ ಬರುತ್ತಿದ್ದ ಜಪಾನಿನ ನೌಕಾಪಡೆಯನ್ನು. ಜಪಾನೀಯರು ಅವರ ವಿಮಾನವನ್ನು ಹೊಡೆದುರುಳಿಸುವ ಮುನ್ನ ರೇಡಿಯೊ ಸಂದೇಶ ಹೋಗಿತ್ತು, ಮರುದಿನದ ದಾಳಿಗೆ ಕೊಲಂಬೊ ಎಚ್ಚೆತ್ತಿತ್ತು. ಸೆರೆಯಾದ ಬರ್ಚಲ್ ಯುದ್ಧ ಮುಗಿದ ಮೇಲೆ ಜೀವಂತವಾಗಿ ಊರಿಗೆ ಮರಳಿದರು. 1943ರಿಂದ ಕ್ವಾಂಟಾಸ್ ಇದೇ ವಿಮಾನವನ್ನು ಆಸ್ಟ್ರೇಲಿಯಾದ ಪರ್ತ್‌ಗೂ ಕೊಗ್ಗಲಕ್ಕೂ ನಡುವೆ ಎಲ್ಲೂ ಇಳಿಸದೆ ಓಡಿಸಿತು. ಸುಮಾರು 5,600 ಕಿಲೋಮೀಟರ್, ಮೂವತ್ತು ಗಂಟೆಯ ಆಸುಪಾಸು, ರೇಡಿಯೊ ಬಾಯಿ ಬಿಡುವಂತಿಲ್ಲ, ನಕ್ಷತ್ರ ನೋಡಿಕೊಂಡೇ ದಾರಿ. ಹೋಗುವವರು ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ ನೋಡುತ್ತಿದ್ದರು. ಹಾಗೆ ನೋಡಿದ್ದಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಇದನ್ನು ಅಮ್ಮನಿಗೆ ಹೇಳಿದೆ. ‘ಹಾಗಾದ್ರೆ ಬೆಳಗಿನ ಕಾಫಿ ಎರಡು ಸಲ ಕೊಡ್ತಿದ್ರೇನೋ?’ ಎಂದು ಕೇಳಿದಳು. ಇತಿಹಾಸಕಾರರು ಇಂಥ ಮುಖ್ಯ ವಿಷಯಗಳನ್ನೇ ಬಿಟ್ಟುಬಿಡುತ್ತಾರೆ.

ಬಣ್ಣದ ಸರದಿ ಬಂತು. ಹೊಟ್ಟೆಗೆ ಬಿಳಿ, ಬೆನ್ನಿಗೆ ಸಮುದ್ರದ ಬೂದು. ಬೂದಿನಲ್ಲೂ ಸಮುದ್ರದ ಬೂದು, ಗಾಢ ಸಮುದ್ರದ ಬೂದು, ಅತಿ ಗಾಢ ಸಮುದ್ರದ ಬೂದು ಎಂದು ಪಂಗಡಗಳಿವೆ. ಎರಡು ಡಬ್ಬಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾವುದು ಸರಿ ಅಂತ ಹೆಂಡತಿಯನ್ನು ಕೇಳಿದೆ. ಅವಳು ಡಬ್ಬಿ ನೋಡಲಿಲ್ಲ, ನನ್ನನ್ನೇ ನೋಡಿದಳು. ‘ಸೀರೆ ಅಂಗಡೀಲಿ ರಾಮಾ ಗ್ರೀನೂ ಗಿಳಿಹಸಿರೂ ಎರಡೂ ಒಂದೇ ತಾನೇ, ಬೇಗ ಆರಿಸು ಅಂದವರು ನೀವೇ ಅಲ್ವಾ?’ ಅತಿ ಗಾಢವನ್ನು ನಾನೇ ಆರಿಸಿಕೊಂಡೆ.

ರೆಕ್ಕೆಯ ಮೇಲಿನ ಗುರುತಿನ ಚಿತ್ರಗಳು ಬೆಚ್ಚಗಿನ ನೀರಿನಲ್ಲಿ ನೆನೆದು ಕಾಗದದಿಂದ ಜಾರಿ ಬರುತ್ತವೆ. ಬ್ರಿಟಿಷ್ ವಿಮಾನಗಳ ವೃತ್ತದ ನಡುವೆ ಕೆಂಪು ಇರುತ್ತಿತ್ತು. ಜಪಾನಿನ ಗುರುತೂ ಕೆಂಪು ಸೂರ್ಯನೇ. ಗಡಿಬಿಡಿಯಲ್ಲಿ ತಮ್ಮವರೇ ತಮ್ಮವರಿಗೆ ಗುಂಡು ಹಾರಿಸಿಯಾರು ಅಂತ ಭಾರತ, ಬರ್ಮಾ ಕಡೆಯ ವಿಮಾನಗಳಲ್ಲಿ ಕೆಂಪನ್ನೇ ತೆಗೆದು, ಕಡುನೀಲಿಯ ನಡುವೆ ತಿಳಿನೀಲಿ ಇಟ್ಟರು. ನಾನು ಅದನ್ನೇ ಅಂಟಿಸಿದೆ. ಕಾರಣ ಕೇಳಿ ಅಮ್ಮ ಕಸಿವಿಸಿಪಟ್ಟಳು. ‘ಹೆದರ್ಕೊಂಡು ಕುಂಕುಮ ಅಳಿಸೋದೇನೋ?’

ಅವಳಿಗೆ ಇನ್ನೂ ಅರ್ಥವಾಗದ್ದು ಮುಂದಿನ ಹಂತ. ಹೊಸದಾಗಿ ಹೊಳೆಯುವ ವಿಮಾನವನ್ನು ಈಗ ಕೊಳಕು ಮಾಡಬೇಕು. ಎಂಜಿನ್ನಿನ ಹೊಗೆ ಕಾರಿದ ಕಲೆ, ಉಪ್ಪುನೀರಿಗೆ ಮಂಕಾದ ಬಣ್ಣ, ಬೂಟುಗಾಲು ಸವೆಸಿದ ಜಾಗ, ಎಲ್ಲವೂ ಬೇಕು. ಕರಿ ಕಂದು ಚಾಕ್‌ಪೀಸು ಪುಡಿ ಮಾಡಿ ಒಣ ಬ್ರಷ್ಷಿನಲ್ಲಿ ರೆಕ್ಕೆಯ ಮೇಲೆ ಎಳೆಯುತ್ತ ಕೂತೆ. ಅಮ್ಮ ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನನ್ನ ಗಮನ ಆಚೀಚೆ ಆಗುವುದನ್ನೇ ಕಾಯುತ್ತಿದ್ದಳು ಎಂದು ನನ್ನ ಗುಮಾನಿ.

ಇಷ್ಟಾದ ಮೇಲೆ ಅದನ್ನು ನಿಲ್ಲಿಸಲು ನೀರು ಬೇಕಲ್ಲ? ಕೊಗ್ಗಲದ ತನಕ ಹೋಗಬೇಕಾಗಿಲ್ಲ, ನಮ್ಮ ಬೆಂಗಳೂರಿನಲ್ಲೇ ಇದೆ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ವಿಮಾನಗಳ ರಿಪೇರಿಯ ದೊಡ್ಡ ಜಾಗವಾಯಿತು. ದುರಸ್ತಿಗೆ ಬರುತ್ತಿದ್ದ ಕ್ಯಾಟಲಿನಾಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಅದೇ ಬೆಳ್ಳಂದೂರು. ಚರಂಡಿ ನೀರು ಸೇರಿ ಸೇರಿ, 2015ರಲ್ಲಿ ನೊರೆಗೇ ಬೆಂಕಿ ಹತ್ತಿ ಉರಿದ ಅದೇ ಕೆರೆ. ಹಲಗೆಯ ಮೇಲೆ ಪಾರದರ್ಶಕ ರೆಸಿನ್ ಸುರಿದು ತಿಳಿನೀರು ಮಾಡಿದೆ, ದೋಣಿ ಸೀಳಿದ ಹಾದಿಯಲ್ಲಿ ಮಾತ್ರ ಹತ್ತಿಯ ಎಳೆಯಿಂದ ಒಂದು ಗೆರೆ ಬಿಳಿ ನೊರೆ. ಮಗಳು ನೋಡಿ, ‘ಅಪ್ಪ, ನೊರೆ ಇನ್ನೂ ಹಾಕು. ಇಲ್ಲಾಂದ್ರೆ ಇದು ಬೆಳ್ಳಂದೂರು ಅಂತ ಯಾರಿಗೂ ಗೊತ್ತಾಗಲ್ಲ’ ಎಂದಳು. ಯುದ್ಧಕಾಲದ ಕೆರೆಗೆ ಈಗಿನ ನೊರೆ ಸಲ್ಲದೆಂದು ನಾನು ಪಟ್ಟು ಹಿಡಿದೆ. ಫಲವೇನೆಂದರೆ, ಬಂದವರೆಲ್ಲ ‘ಊಟಿ ಲೇಕಾ?’ ಅಂತ ಕೇಳುತ್ತಾರೆ.

ದಸರೆ ಹತ್ತಿರ ಬಂದಾಗ ಅಮ್ಮ ಕೆರೆಸಮೇತ ವಿಮಾನವನ್ನು ಕೇಳಿ ಪಡೆದಳು. ವರ್ಷವೂ ಗೊಂಬೆಗಳ ನಡುವೆ ಕೊಳಕ್ಕೆಂದು ಇಡುತ್ತಿದ್ದ ಕನ್ನಡಿ ಒಡೆದಿತ್ತಂತೆ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ, ರಾಗಿ ಪೈರಿನ ಪಕ್ಕ, ಶೆಟ್ಟಿ ಶೆಟ್ಟಮ್ಮನ ಅಂಗಡಿಯ ಎದುರು ಕ್ಯಾಟಲಿನಾ ಇಳಿಯಿತು. ಶೆಟ್ಟರ ಬೆಲ್ಲದ ಅಚ್ಚು ನಮ್ಮ ಎಂಜಿನ್ನಿಗಿಂತ ದೊಡ್ಡದು. ಅಳತೆ ಹೊಂದುವುದಿಲ್ಲ ಅಂದೆ. ‘ರಾಜ ರಾಣಿಗೇ ಇಲ್ಲದ ಅಳತೆ ನಿನ್ನ ವಿಮಾನಕ್ಕೆ ಯಾಕೋ?’ ಎಂದವಳೇ ಮೂತಿಗೊಂದು ಕುಂಕುಮದ ಬೊಟ್ಟಿಟ್ಟಳು. ಜಪಾನಿನ ಗೊಡವೆ ತಾನು ನೋಡಿಕೊಳ್ಳುವುದಾಗಿಯೂ ಹೇಳಿದಳು.

ಗೊಂಬೆ ನೋಡಲು ಬಂದ ಹೆಂಗಸರಿಗೆ ಕೋಸಂಬರಿ ಕೊಡುತ್ತ ಅವಳು ಎರಡು ಸೂರ್ಯೋದಯದ ಕಥೆಯನ್ನು, ಕಾಫಿಯನ್ನೂ ಸೇರಿಸಿ, ನನಗಿಂತ ಚೆನ್ನಾಗಿ ಹೇಳಿದಳು. ಒಂದು ಪುಟ್ಟ ಹುಡುಗಿ ಮಾತ್ರ ವಿಮಾನದ ಮುಂದೆ ಕೂತು ಕದಲಲಿಲ್ಲ.

‘ಅಜ್ಜಿ, ಇದು ಯಾವಾಗ ಹಾರತ್ತೆ?’

‘ಕೆರೆ ಕ್ಲೀನ್ ಆಗಲಿ ಅಂತ ಕಾಯ್ತಾ ಇದೆ ಪುಟ್ಟಾ.’

‘ತುಂಬ ದಿನ ಆಗತ್ತಾ?’

‘ಆಗತ್ತೆ. ಆದ್ರೆ ಒಳಗೆ ಮಂಚ ಇದೆ, ದಿಂಬೂ ಇದೆ. ಮಲಗಿರ್ತಾರೆ ಬಿಡು.’