ನೊರೆ ಪಂಡಿತ

ಡ್ರಾಟ್ ಬಿಯರಿನ ವಿಷಯದಲ್ಲಿ ನಮ್ಮೂರು ಕುಟ್ಟದಲ್ಲೇ ನನ್ನಷ್ಟು ತಿಳಿದವನಿಲ್ಲ ಎಂದು ನನ್ನ ನಂಬಿಕೆ. ನಮ್ಮ ಮನೆಗೆ ಬರುವುದು ಬರೀ ಬಾಟಲಿ ಬಿಯರು ಎಂಬುದು ಈ ಪಾಂಡಿತ್ಯಕ್ಕೆ ಯಾವತ್ತೂ ಅಡ್ಡ ಬಂದಿಲ್ಲ.

ಇದರ ಮೂಲ ನನ್ನ ಬಾಮೈದ. ಬೆಂಗಳೂರಿಗೆ ಹೋದಾಗ ಇಂದಿರಾನಗರದ ಟಾಯ್ಟ್‌ಗೆ ಕರೆದೊಯ್ದಿದ್ದ. 2010ರಲ್ಲಿ ಶುರುವಾದ, ತಾನೇ ಬಿಯರು ತಯಾರಿಸಿ ತಾನೇ ಬಡಿಸುವ ಜಾಗ. "ಭಾವ, ಬಿಯರು ಚೆನ್ನಾಗಿದ್ದರೆ ಸಾಲದು, ಪೈಪೂ ಗ್ಲಾಸೂ ಚೆನ್ನಾಗಿರಬೇಕು" ಎಂದ. ಅವನು ಹೇಳಿ ಮರೆತ. ನಾನು ಊರಿಗೆ ಬಂದು ಉಪನ್ಯಾಸ ಶುರುಮಾಡಿದೆ.

ಪೀಪಾಯಿಯಿಂದ ನಲ್ಲಿಗೆ ಬರುವ ಪೈಪಿನೊಳಗೆ ಯೀಸ್ಟು, ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣ ಹಾಯಿಸಿ ತೊಳೆಯದಿದ್ದರೆ ಬಿಯರು ಹುಳಿಯಾಗುತ್ತದೆ, ಇಲ್ಲವೇ ಬೆಣ್ಣೆಯ ವಾಸನೆ ಹೊಡೆಯುತ್ತದೆ. ಪೀಪಾಯಿ ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿರಬೇಕು. ಬೆಚ್ಚಗಾದರೆ ಒಳಗಿನ ಗ್ಯಾಸು ಬಿಡಿಸಿಕೊಂಡು ನಲ್ಲಿಯಿಂದ ಬರೀ ನೊರೆ ಬರುತ್ತದೆ. ಇಷ್ಟನ್ನೂ ಕೇಳಿದ ಹೆಂಡತಿ, "ರೀ, ನಮ್ಮ ಬಚ್ಚಲ ಪೈಪು ಕಟ್ಟಿಕೊಂಡು ತಿಂಗಳಾಯಿತಲ್ಲ, ಅದನ್ನು ಎಷ್ಟು ವಾರಕ್ಕೊಮ್ಮೆ ತೊಳೆಯಬೇಕಂತೆ?" ಎಂದಳು. ನಾನು ಪೈಪಿನ ಅಧ್ಯಾಯ ಮುಗಿಸಿ ಗ್ಲಾಸಿಗೆ ಬಂದೆ.

ಗ್ಲಾಸನ್ನು ಫ್ರೀಜರಿನಲ್ಲಿಟ್ಟೆ. ತೋಲ್ಪೆಟ್ಟಿ ಕಡೆಯಿಂದ ತಂದ ಮತ್ತಿ ಮೀನು ಪಕ್ಕದಲ್ಲೇ ಇತ್ತು. ಗ್ಲಾಸಿನ ಮೇಲಿನ ಹಿಮಕ್ಕೆ ಅದರ ವಾಸನೆಯೂ ಹತ್ತಿತು. ಸಾಲದ್ದಕ್ಕೆ ಆ ಹಿಮ ತಾಗಿ ಬಿಯರು ಉಕ್ಕಿ ಮೇಜಿಗೆ ಹರಿಯಿತು. ಮೇಜು ಒರೆಸಿದವಳು ಯಾರೆಂದು ಹೇಳಬೇಕಿಲ್ಲ.

ಆಮೇಲೆ ಉಪ್ಪಿನ ಪರೀಕ್ಷೆ. ಬಾರ್ಲಿಯ ಪ್ರೋಟೀನೂ ಹಾಪ್ಸ್ ಹೂವಿನ ಕಹಿಯೂ ಸೇರಿ ನೊರೆಯನ್ನು ಹಿಡಿದು ನಿಲ್ಲಿಸುತ್ತವೆ. ಜಿಡ್ಡು ತಾಗಿದರೆ ಅದು ಕುಸಿಯುತ್ತದೆ. ಒದ್ದೆ ಗ್ಲಾಸಿನೊಳಗೆ ಉಪ್ಪು ಉದುರಿಸಿದರೆ, ಶುಚಿಯಾದ ಕಡೆ ಅಂಟುತ್ತದೆ, ಜಿಡ್ಡಿರುವ ಕಡೆ ಅಂಟುವುದಿಲ್ಲ. ನಮ್ಮ ಗ್ಲಾಸಿನಲ್ಲಿ ಅರ್ಧಕ್ಕರ್ಧ ಬೋಳು. "ನೋಡು, ಹಂದಿ ಕರಿಯ ಪಾತ್ರೆ ಉಜ್ಜಿದ ನಾರಿನಿಂದಲೇ ಇದನ್ನೂ ಉಜ್ಜಿದ್ದೀಯ" ಎಂದು ತೀರ್ಪು ಕೊಟ್ಟೆ. ಆ ನಾರನ್ನು ಜೀವಮಾನದಲ್ಲಿ ಮುಟ್ಟದ ಕೈಯಲ್ಲಿ ಗ್ಲಾಸು ಎತ್ತಿ ಹಿಡಿದುಕೊಂಡೇ.

ಅವಳು ಮಾತಾಡಲಿಲ್ಲ. ಹೊಸ ಸ್ಪಾಂಜು ತಂದು, ಬಿಸಿನೀರಲ್ಲಿ ತೊಳೆದು, ಸೋಪು ಉಳಿಯದಂತೆ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿದಳು. ಉಪ್ಪು ಎಲ್ಲ ಕಡೆ ಅಂಟಿತು. ಮತ್ತೆ ತೊಳೆದು, ಓರೆ ಹಿಡಿದು ಬಿಯರು ಸುರಿದೆ. ಎರಡು ಬೆರಳೆತ್ತರದ ನೊರೆ ಎದ್ದು ನಿಂತಿತು! ಕಾಚಂಪುಳಿ ಹಾಕಿದ ಹಂದಿ ಕರಿಯನ್ನು ಕಡುಂಬುಟ್ಟಿನ ಜೊತೆ ಬಾಯಿಗಿಟ್ಟು ಬಿಯರನ್ನು ಒಂದು ಗುಟುಕು ಹೀರಿದೆ, ಇನ್ನೊಂದು ಹೀರಿದೆ. ಮೂರನೆಯದಕ್ಕೆ ನೊರೆ ಮಾಯ.

"ಗ್ಲಾಸು ನಾನು ತೊಳೆದೆ" ಎಂದಳು, "ಮೀಸೆ ಯಾರು ತೊಳೆಯಬೇಕು?"

ಬಾಮೈದನಿಗೆ ಫೋನು ಮಾಡಿದರೆ ಅಕ್ಕನ ಪಕ್ಷವೇ ಹಿಡಿದ. ತುಟಿಯ ಜಿಡ್ಡು, ಲಿಪ್‌ಸ್ಟಿಕ್ಕು, ಎಲ್ಲವೂ ನೊರೆಗೆ ಯಮನಂತೆ. ಈಗ ಬಿಯರಿನ ಗ್ಲಾಸು ತೊಳೆಯುವುದು ನನ್ನ ಪಾಲಿನ ಕೆಲಸ. ಬಚ್ಚಲ ಪೈಪೂ ಅದರ ಜೊತೆಗೇ ಬಂತು.

ಕುಟ್ಟಕ್ಕೆ ಬಂದರೆ ನಮ್ಮಲ್ಲಿಗೂ ಬನ್ನಿ, ಹಂದಿ ಕರಿಗೆ ಬರವಿಲ್ಲ. ಗ್ಲಾಸು ಮಾತ್ರ ನಿಮ್ಮದೇ ತನ್ನಿ, ಹೋಗುವಾಗ ತೊಳೆದುಕೊಂಡು ಹೋಗಿ.