ಒಂದು ಸಣ್ಣ ಕವರ್

ಗುರುವಾರ ರಾತ್ರಿ ಒಂಬತ್ತೂವರೆಗೆ ದುಬೈಯಿಂದ ಅಳಿಯನ ಫೋನು ಬಂತು. ಹೊಸ ಕಂಪೆನಿಯವರಿಗೆ ಅವನ ಬಿ.ಇ. ಸರ್ಟಿಫಿಕೇಟಿನ ಒರಿಜಿನಲ್ ಸೋಮವಾರ ಬೆಳಿಗ್ಗೆ ಕೈಗೆ ಸಿಗಬೇಕಂತೆ. ಒರಿಜಿನಲ್ ಇದ್ದದ್ದು ಮೂಡುಬಿದಿರೆಯಲ್ಲಿ, ಅವನ ತಾಯಿಯಾದ ನನ್ನ ಅಕ್ಕನ ಕಬ್ಬಿಣದ ಕಪಾಟಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ.

“ಮಾವ, ಎಂತಾದ್ರೂ ಮಾಡಿ” ಎಂದ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತುಳುನಾಡಿನ ಅಳಿಯಕಟ್ಟು ಸಡಿಲವಾಯಿತು, ಮಾವನ ಆಸ್ತಿ ಅಳಿಯನಿಗೆ ಹೋಗುವುದು ನಿಂತಿತು. ಅಳಿಯನ ಕೆಲಸ ಮಾವನ ತಲೆಗೆ ಬರುವ ಕಟ್ಟನ್ನು ಮಾತ್ರ ಯಾವ ಪಾರ್ಲಿಮೆಂಟೂ ಮುಟ್ಟಿಲ್ಲ.

ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಆಗದೇ ಎಂದು ಕೇಳಿದೆ. ಆಗದು. ಅವರಿಗೆ ಬೇಕಾದದ್ದು ಮುಂಭಾಗವಲ್ಲ, ಹಿಂಭಾಗ. ಆ ಸರ್ಟಿಫಿಕೇಟಿನ ಬೆನ್ನು ನೋಡಬೇಕು ನೀವು, ಹಳೇ ಲಾರಿಯ ಹಿಂಬದಿಯ ಹಾಗಿದೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಮುದ್ರೆ, ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯದ ಸ್ಟಿಕ್ಕರ್, ಅದರ ಪಕ್ಕದಲ್ಲಿ ಅರಬ್ ಎಮಿರೇಟ್ಸ್ ರಾಯಭಾರ ಕಚೇರಿಯದ್ದು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗಾದರೆ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಕು; ಭಾರತ 2005ರಲ್ಲೇ ಸೇರಿದೆ. ದುಬೈಯವರು ಸೇರಿಲ್ಲ. ಹಾಗಾಗಿ ನಮ್ಮ ಹುಡುಗ ನಾಲ್ಕು ವರ್ಷ ಕೂತು ಓದಿದ್ದು ನಿಜ ಎನ್ನಲು ಮೂವರು ಸಾಕ್ಷಿ ಬೇಕು. ನಾನು ಈ ವಯಸ್ಸಿನವರೆಗೆ ದೆಹಲಿ ನೋಡಿಲ್ಲ. ಆ ಕಾಗದ ನೋಡಿ ಬಂದಿದೆ.

ಶುಕ್ರವಾರ ಬೆಳಿಗ್ಗೆ ಅಂಚೆ ಕಚೇರಿಗೆ ಹೋದೆ. ಸ್ಪೀಡ್ ಪೋಸ್ಟ್ ನಮ್ಮ ದೇಶದಲ್ಲಿ ಶುರುವಾದ 1986ರಿಂದಲೂ ನನಗೆ ಅದರ ಮೇಲೆ ಗೌರವ. ವಿದೇಶಕ್ಕೂ ಉಂಟು ಎಂದು ಕೌಂಟರಿನವರು ಫಾರಂ ಕೊಟ್ಟರು. ವಿಳಾಸ ಬರೆಯುವಲ್ಲಿ ನನ್ನ ಪೆನ್ನು ನಿಂತಿತು. ಅಲ್ಲಿ ಪಿನ್ ಕೋಡೂ ಇಲ್ಲ, ಸೈಕಲ್ ಹತ್ತಿ ಮನೆಗೆ ಬರುವ ಪೋಸ್ಟ್‌ಮ್ಯಾನೂ ಇಲ್ಲ, ಪಿ.ಓ. ಬಾಕ್ಸ್ ನಂಬರು ಬೇಕು. ಅಳಿಯನಿಗೆ ಫೋನು ಮಾಡಿದರೆ, “ಬಾಕ್ಸ್ ಗೊತ್ತಿಲ್ಲ ಮಾವ, ದೊಡ್ಡ ಸೂಪರ್ ಮಾರ್ಕೆಟಿನ ಹಿಂದೆ, ಮಲಬಾರಿ ಹೋಟ್ಲಿನ ಮೇಲೆ” ಎಂದ. ಆ ಗುರುತಿನಲ್ಲಿ ದುಬೈಯ ಅರ್ಧಕ್ಕರ್ಧ ಜನ ಇರುತ್ತಾರೆ. ಫಾರಂ ಮಡಿಸಿ ಕಿಸೆಗೆ ಹಾಕಿದೆ.

ಮಂಗಳೂರಿನ ಒಂದು ಕೊರಿಯರಿನವರು ಫೋನಿನಲ್ಲೇ ಲೆಕ್ಕ ಹೇಳಿದರು. ಮಧ್ಯೆ ಶನಿವಾರ, ಭಾನುವಾರ ಬಂತು. 2022ರಿಂದ ಅಲ್ಲಿಯೂ ರಜೆ ನಮ್ಮ ಹಾಗೇ ಶನಿ, ಭಾನು. ಮಂಗಳವಾರವೋ ಬುಧವಾರವೋ ತಲುಪೀತು. ಆಮೇಲೆ ಆ ಹುಡುಗಿ ಕೇಳಿದಳು, “ಸರ್, ಒಳಗಿನ ವಸ್ತುವಿನ ಬೆಲೆ ಎಷ್ಟು ಹಾಕ್ಲಿ?” ನಾಲ್ಕು ವರ್ಷದ ಫೀಸು ಹಾಕಿದರೆ ಅಕ್ಕನ ಅಡಿಕೆ ತೋಟದಷ್ಟಾಗುತ್ತದೆ. ಸೋಮವಾರ ತಲುಪದಿದ್ದರೆ ಸೊನ್ನೆ. ಯೋಚಿಸಿ ಹೇಳ್ತೇನೆ ಎಂದು ಫೋನಿಟ್ಟೆ.

ಅಕ್ಕನಿಗೆ ಇದು ಸಮಾಧಾನವೇ ಆಯಿತು. “ಒರಿಜಿನಲ್ ಮನೆಯಿಂದ ಹೊರಗೆ ಹಾಕ್ಲಿಕ್ಕೆ ಇಲ್ಲ ಮಾರಾಯ. ಝೆರಾಕ್ಸ್ ಕಳಿಸು” ಎಂದಳು. ಅವಳನ್ನು ಬೈದು ಪ್ರಯೋಜನವಿಲ್ಲ, ಇದು ಊರಿನ ಗುಣ. ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾದುಕೊಂಡು ಬಂದ ಊರು ನಮ್ಮದು. ಗುರುಬಸದಿಗೆ ಬಂದವರಿಗೆ ದರ್ಶನ ಇತ್ತು, ಓದಲಿಕ್ಕೆ ಇರಲಿಲ್ಲ. ಸೊಲ್ಲಾಪುರ, ಮುಂಬಯಿಯ ಸಾಹುಕಾರರು ಬಂದು ಕೈಮುಗಿದು ಕೇಳಿದ ಮೇಲೆ 1896ರಲ್ಲಿ ನಕಲು ಮಾಡುವ ಕೆಲಸ ಶುರುವಾಯಿತು. ಹಳಗನ್ನಡ ಲಿಪಿಯಿಂದ ನಾಗರಿಗೆ ಇಳಿಸಿ ಮುಗಿಸಲು ಸುಮಾರು ಕಾಲು ಶತಮಾನ ಹಿಡಿಯಿತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ನನಗಿದ್ದದ್ದು ಎರಡೂವರೆ ದಿನ.

ಆ ಕಥೆಯಲ್ಲೇ ಇನ್ನೊಂದು ಎಳೆ ಉಂಟು. ನಕಲಿಗೆ ಕೂತ ಶಾಸ್ತ್ರಿಗಳೊಬ್ಬರು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡರು, ಹೆಂಡತಿಯೂ ಕೈಜೋಡಿಸಿದರು, ಆ ಪ್ರತಿ ಅವರೊಂದಿಗೇ ಸಹಾರನಪುರದವರೆಗೆ ಹೋಯಿತು ಎನ್ನುತ್ತಾರೆ. ಅಂದರೆ ಮೂಡುಬಿದಿರೆಯ ಕಾಗದ ಕೊನೆಗೂ ಹೊರಗೆ ಹೋದದ್ದು ಹೋಗುವವರ ಕೈಯಲ್ಲಿ!

ಇದನ್ನು ಹೇಳಿದ್ದೇ ತಡ, ಅಕ್ಕನ ಮುಖ ಅರಳಿತು. “ಹಾಗೆ ಹೇಳು. ಹೋಗುವವರ ಕೈಯಲ್ಲಾದ್ರೆ ಕೊಡ್ಬಹುದು.”

ಭಾವ ಕೊಲ್ಲಿಗೆ ಹೋಗುವ ಕಾಲದಲ್ಲಿ ಪ್ರಯಾಣ ಸುಲಭವಿರಲಿಲ್ಲ. ಬೊಂಬಾಯಿ ಬಸ್ಸು ಹತ್ತಿ, ಅಲ್ಲಿ ಗುರುತಿನವರ ರೂಮಿನಲ್ಲಿ ಉಳಿದು, ವಿಮಾನಕ್ಕೆ ಕಾಯಬೇಕಿತ್ತು. 2006ರಲ್ಲಿ ಬಜಪೆಯಿಂದ ನೇರ ದುಬೈಗೆ ವಿಮಾನ ಹಾರಲು ಶುರುವಾದ ಮೇಲೆ ಮಂಗಳೂರಿಗೆ ಹೋಗುವಷ್ಟೇ ಸಲೀಸಾಗಿ ಜನ ದುಬೈಗೆ ಹೋಗಿ ಬರುತ್ತಾರೆ. ಯಾರು ಯಾವಾಗ ಹೋಗುತ್ತಾರೆಂದು ಏರ್‌ಪೋರ್ಟಿಗಿಂತ ಮೊದಲು ಊರಿನ ಹೆಂಗಸರಿಗೆ ಗೊತ್ತಿರುತ್ತದೆ. ಅಕ್ಕ ಮೂರು ಫೋನು ಮಾಡಿದಳು. ಹಾಲಿನ ಡೈರಿಯವಳಿಗೆ ಒಂದು, ಟೈಲರಿಗೆ ಒಂದು. ಮೂರನೆಯದಕ್ಕೆ ಉತ್ತರ ಸಿಕ್ಕಿತು: ಅಲಂಗಾರು ಚರ್ಚಿನ ಹತ್ತಿರದ ಬಾಯಮ್ಮನ ಮಗ ಶನಿವಾರ ರಾತ್ರಿಯ ವಿಮಾನಕ್ಕೆ ಹೊರಡುತ್ತಾನೆ.

“ಒಂದು ಸಣ್ಣ ಕವರ್ ಇತ್ತು ಬಾಯಮ್ಮ, ಕಾಗದ ಮಾತ್ರ” ಎಂದು ಅಕ್ಕ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಶನಿವಾರ ಮಧ್ಯಾಹ್ನ ಹೊರಡುವಾಗ ಕವರ್ ಎತ್ತಲು ಎರಡು ಕೈ ಬೇಕಾಯಿತು. ಕಾಗದ ಮಡಿಕೆ ಬೀಳಬಾರದೆಂದು ಅದನ್ನು ಹಳೇ ಕ್ಯಾಲೆಂಡರಿನ ರಟ್ಟಿಗೆ ಒರಗಿಸಿ, ರಟ್ಟು ಬಾಗಬಾರದೆಂದು ಎರಡು ಕಟ್ಟು ಹಲಸಿನ ಹಪ್ಪಳ ಇಟ್ಟಿದ್ದಳು. ಹಪ್ಪಳ ಅಲುಗಬಾರದೆಂದು ಪುನರ್ಪುಳಿ ಸಿಪ್ಪೆಯ ಪೊಟ್ಟಣ. ಉಳಿದ ಸಂದಿಗೆ ಮಿಡಿ ಉಪ್ಪಿನಕಾಯಿ, ಕೋರಿ ಸುಕ್ಕದ ಹುಡಿ. ಇಂಜಿನಿಯರಿಂಗ್ ಓದಿದ್ದು ಮಗನೋ ತಾಯಿಯೋ ಎಂದು ಸಂಶಯ ಬರುವ ಹಾಗಿತ್ತು.

ಬಾಯಮ್ಮನ ಮನೆಯ ಚಾವಡಿಯಲ್ಲಿ ಹುಡುಗ ಸೂಟ್‌ಕೇಸನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ಬೆವರುತ್ತಿದ್ದ. ಟಿಕೆಟಿನಲ್ಲಿ 30 ಕಿಲೊ, ಮುಳ್ಳು 31 ದಾಟಿತ್ತು. ನಮ್ಮ ಕವರ್ ನೋಡಿ ಅವನು ಮಾತಾಡಲಿಲ್ಲ. ಅವನ ತಾಯಿ ಅವನ ಎರಡು ಜೀನ್ಸ್ ಪ್ಯಾಂಟು ತೆಗೆದು ಪಕ್ಕಕ್ಕಿಟ್ಟರು. ಪರರ ಹಪ್ಪಳಕ್ಕಾಗಿ ಸ್ವಂತ ಮಗನ ಪ್ಯಾಂಟು ಬಿಚ್ಚಿಡುವ ಸೌಜನ್ಯ ಬೇರೆಲ್ಲಿ ಸಿಕ್ಕೀತು?

ಆದರೆ ಹುಡುಗ ಜಾಣ. “ಆಂಟಿ, ಬೇಜಾರು ಮಾಡ್ಬೇಡಿ, ಎಲ್ಲಾ ಬಿಚ್ಚಿ ನೋಡ್ತೇನೆ” ಎಂದು ಒಂದೊಂದೇ ಪೊಟ್ಟಣ ಬಿಡಿಸಿ ಮೂಸಿದ. ಸುಕ್ಕದ ಹುಡಿಯ ಬಳಿ ನಿಂತ. “ಇದ್ರಲ್ಲಿ ಗಸಗಸೆ ಉಂಟಾ?”

“ಉಂಟು ಮಗಾ, ಎರಡೇ ಚಮಚ, ಪರಿಮಳಕ್ಕೆ” ಎಂದಳು ಅಕ್ಕ, ಹೊಗಳಿಕೆ ನಿರೀಕ್ಷಿಸುತ್ತ.

ಚಾವಡಿ ಸ್ತಬ್ಧವಾಯಿತು. ನಾವು ಪಾಯಸಕ್ಕೆ ಹಾಕಿ ಕುಡಿದು ಮಧ್ಯಾಹ್ನ ನಿದ್ದೆ ಹೊಡೆಯುವ ಗಸಗಸೆ ಅಲ್ಲಿಯ ಕಾನೂನಿನಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿದೆ, ಸಿಕ್ಕಿಬಿದ್ದರೆ ಜೈಲು. ಅಫೀಮು ಗಿಡದ್ದೇ ಬೀಜವಲ್ಲವೇ. ಅರವತ್ತೆಂಟು ವರ್ಷದ ಅಕ್ಕ ತಾನು ಇಷ್ಟು ಕಾಲ ಕೋಳಿಗೆ ಏನು ಅರೆದು ಹಾಕಿದೆ ಎಂದು ತಿಳಿದು ಕುರ್ಚಿಯಲ್ಲಿ ಕೂತುಬಿಟ್ಟಳು. ಸುಕ್ಕದ ಹುಡಿ ಬಾಯಮ್ಮನ ಅಡುಗೆಮನೆ ಸೇರಿತು. ಕವರ್ ಹುಡುಗನ ಕೈಚೀಲಕ್ಕೆ ಹೋಯಿತು.

ಆ ರಾತ್ರಿ ಅಕ್ಕ ಮಲಗಲಿಲ್ಲ. ವಿಮಾನ ನಾಲ್ಕು ಗಂಟೆಯ ದಾರಿ, ಅವಳು ನನಗೆ ಮಾಡಿದ ಫೋನು ಐದು. ಭಾನುವಾರ ಬೆಳಿಗ್ಗೆ ಅಳಿಯನ ಮೆಸೇಜು ಬಂತು: “ಹಪ್ಪಳ ಸಿಕ್ಕಿತು.” ಸರ್ಟಿಫಿಕೇಟಿನ ಸುದ್ದಿ ಬರಲು ಇನ್ನೂ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ.

ಸೋಮವಾರ ಸಂಜೆ ಪೂರ್ತಿ ವರದಿ ಬಂತು. ಮ್ಯಾನೇಜರ್ ಕೇರಳದವರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು, ಸ್ಟಿಕ್ಕರನ್ನು ಉಗುರಿನಿಂದ ಮುಟ್ಟಿದರು, ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟರು. ಎಲ್ಲ ಸೇರಿ ಒಂದು ನಿಮಿಷ. ಕೊಡುವಾಗ ಮಾತ್ರ ಸ್ವಲ್ಪ ತಡೆದು, ಕಾಗದವನ್ನು ಮೂಗಿನ ಹತ್ತಿರ ಹಿಡಿದರಂತೆ.

“ಚಕ್ಕ?” ಎಂದು ಕೇಳಿದರಂತೆ. ಮಲಯಾಳದಲ್ಲಿ ಹಲಸಿಗೆ ಚಕ್ಕ. ಅಳಿಯ ಹೌದೆಂದ. ಮ್ಯಾನೇಜರಿನ ಕಣ್ಣು ತೇವವಾಯಿತು ಎಂದು ಅಳಿಯ ಹೇಳುತ್ತಾನೆ. ಏಸಿಯ ಗಾಳಿಗೂ ಇರಬಹುದು.

“ಮಾವ, ಅವರಿಗೆ ಎರಡು ಕಟ್ಟು ಬೇಕಂತೆ. ಗುರುವಾರ ಅವರು ರಜೆ ಮೇಲೆ ಹೋಗ್ತಾರೆ, ಅದ್ರ ಮೊದ್ಲು. ಸ್ವಲ್ಪ ಅರ್ಜೆಂಟ್.”

ನಾನು ಫೋನನ್ನು ಅಕ್ಕನಿಗೆ ಕೊಡಲು ಹೋದೆ. ಅವಳ ಕೈಯಲ್ಲಿ ಆಗಲೇ ಅವಳದ್ದು ಇತ್ತು.

“ಬಾಯಮ್ಮ, ಬುಧವಾರ ಯಾರಾದ್ರೂ ಹೋಗುವವರು ಇದ್ದಾರಾ? ಒಂದು ಸಣ್ಣ ಕವರ್...”