ಮೂರರಲ್ಲಿ ಎರಡು ಪಾಲು

ರಜೆಗೆ ಹೋಗಬೇಕು, ಆದರೆ ಮನೆ ಬಿಟ್ಟು ಹೋಗಲು ಮನಸ್ಸಿಲ್ಲ ಅನ್ನುವವರಿಗಾಗಿ ಅಮೆರಿಕದಲ್ಲಿ ಆರ್‌ವಿ ಎಂಬ ವಾಹನವಿದೆ. ಒಲೆ, ಬಚ್ಚಲು, ಮಂಚ, ಫ್ರಿಜ್ಜು ಎಲ್ಲಕ್ಕೂ ಸೇರಿಸಿ ಚಕ್ರ ಕಟ್ಟಿ ಕೈಗೆ ಕೀಲಿ ಕೊಡುತ್ತಾರೆ. ಹೋಟೆಲಿನ ಊಟ ಮುಟ್ಟದ ನಮ್ಮತ್ತೆ ಹಾಸನದಿಂದ ಬಂದಿದ್ದರು. ಹೋಟೆಲಿನ ಬಿಲ್ಲು ಮುಟ್ಟದ ನಮ್ಮ ಯಜಮಾನರು ಮೊದಲಿನಿಂದಲೂ ಇಲ್ಲೇ ಇದ್ದರು. ಹಾಗಾಗಿ ಇದು ನಮಗೆಂದೇ ಹೇಳಿ ಮಾಡಿಸಿದ್ದು ಅನ್ನಿಸಿತು.

ಸಾಲ್ಟ್ ಲೇಕ್ ಸಿಟಿಯಲ್ಲಿ ಗಾಡಿ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನಿನ ಲೂಯಿಸ್ ಸರೋವರದ ದಡಕ್ಕೆ ಹೊರಟೆವು. ಅಲ್ಲಿನ ಕ್ಯಾಂಪ್‌ಗ್ರೌಂಡಿನಲ್ಲಿ 25 ಅಡಿಗಿಂತ ಉದ್ದದ ಗಾಡಿಗೆ ಜಾಗವಿಲ್ಲ. ಕರೆಂಟಿಲ್ಲ, ಗಾಡಿಗೆ ನೇರ ನಲ್ಲಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಜನರೇಟರ್ ಹಾಕುವಂತೆಯೂ ಇಲ್ಲ. ಇಷ್ಟನ್ನೂ ಓದಿದ ಯಜಮಾನರು ನನಗೆ ಹೇಳಿದ್ದು ಮಾತ್ರ, "ಪ್ರಶಾಂತವಾಗಿರುತ್ತೆ ಕಣೇ." ನಾನು ಅಷ್ಟೇ ಪ್ರಶಾಂತವಾಗಿ ಮಿಕ್ಸಿ, ರೈಸ್ ಕುಕ್ಕರ್, ಹೇರ್ ಡ್ರೈಯರ್ ಮೂರನ್ನೂ ಹೇರಿದೆ.

ಈ ಸರೋವರಕ್ಕೆ ಮೆರಿವೆದರ್ ಲೂಯಿಸ್ ಎಂಬ ಅನ್ವೇಷಕನ ಹೆಸರಿಟ್ಟಿದ್ದಾರೆ. ಆ ಪುಣ್ಯಾತ್ಮ ಯೆಲ್ಲೋಸ್ಟೋನಿಗೆ ಕಾಲೇ ಇಡಲಿಲ್ಲ. ಬುದ್ಧಿವಂತ. ಸರೋವರದಿಂದ ಹೊರಡುವ ಹೊಳೆ ಮುಂದೆ ಜಲಪಾತವಾಗಿ ಧುಮುಕುವುದರಿಂದ ಮೀನುಗಳು ಕೂಡ ಕೆಳಗಿನಿಂದ ಹತ್ತಿ ಬರುವ ಗೋಜಿಗೆ ಹೋಗಿರಲಿಲ್ಲ. 1890ರ ಸುಮಾರಿಗೆ ಮನುಷ್ಯರೇ ತಂದು ಬಿಟ್ಟರು. ಒಟ್ಟಿನಲ್ಲಿ ಅಲ್ಲಿಗೆ ತಾವಾಗಿಯೇ ಹೋದವರು ನಮ್ಮಂಥವರು.

ಗಾಡಿಯ ಗೋಡೆಯ ಮೇಲೆ ಒಂದು ಪುಟ್ಟ ಪ್ಯಾನಲ್ ಇತ್ತು. ಗುಂಡಿ ಒತ್ತಿದರೆ ಸಾಲಾಗಿ ದೀಪ ಹತ್ತುತ್ತವೆ: ಒಳ್ಳೆ ನೀರು ಎಷ್ಟಿದೆ, ಬಚ್ಚಲ ನೀರು ಎಷ್ಟಾಯಿತು, ಕಕ್ಕಸಿನ ಟ್ಯಾಂಕು ಎಷ್ಟು ತುಂಬಿತು, ಬ್ಯಾಟರಿ ಎಷ್ಟು ಉಳಿಯಿತು. ಊರಿನ ಮನೆಯಲ್ಲಿ ಗೋಡೆಯೊಳಗೆ ಮರ್ಯಾದೆಯಿಂದ ಹರಿದುಹೋಗುವುದೆಲ್ಲ ಇಲ್ಲಿ ದೀಪ ಹಚ್ಚಿಕೊಂಡು ಲೆಕ್ಕ ಒಪ್ಪಿಸುತ್ತದೆ. ಯಜಮಾನರು ಅದರೆದುರು ಕುರ್ಚಿ ಹಾಕಿಕೊಂಡರು. ಬಾಗಿಲು ಕಿರ್ ಅಂದರೆ ಸಾಕು, "ಯಾರು ಈಗ ಒಳಗೆ ಹೋಗಿದ್ದು?"

"ಇದೇನೋ ಇದು, ಹೆತ್ತ ತಾಯಿ ಬಚ್ಚಲಿಗೆ ಹೋದರೂ ಲೆಕ್ಕ ಬರೀತೀಯಲ್ಲೋ!" ಅಂದರು ಅತ್ತೆ.

ನಾನು ನಗಲಿಲ್ಲ. ಏಕೆಂದರೆ ಆ ಪ್ಯಾನಲ್ ನನ್ನ ಪಕ್ಷಕ್ಕೆ ಸೇರಿತ್ತು. ಅತ್ತೆ ಅಕ್ಕಿಯನ್ನು ಮೂರು ಸಲ ತೊಳೆಯುತ್ತಾರೆ, ನಾನು ಒಂದೇ ಸಲ. ಮದುವೆಯಾದಾಗಿನಿಂದ ಈ ವ್ಯಾಜ್ಯ ತೀರ್ಮಾನವಾಗದೆ ಉಳಿದಿತ್ತು. ಈಗ ನೋಡಿ, ಸಾಕ್ಷಿ ಸಮೇತ ಸಿಕ್ಕಿತು. "ಅತ್ತೆ, ಒಟ್ಟು ಇರೋದೇ ನಲವತ್ತು ಗ್ಯಾಲನ್" ಎಂದು ಬಹಳ ವಿನಯದಿಂದ ದೀಪ ತೋರಿಸಿದೆ. ಅವರು ಅಷ್ಟೇ ವಿನಯದಿಂದ ನನ್ನ ತಲೆಸ್ನಾನದ ಪ್ರಸ್ತಾಪ ಎತ್ತಿದರು. ಬಿಸಿನೀರಿನ ಟ್ಯಾಂಕು 6 ಗ್ಯಾಲನ್ನಿನದು, ಅಂದರೆ ಸುಮಾರು 23 ಲೀಟರ್. ತಲೆತುಂಬ ನೊರೆ ಇರುವಾಗಲೇ ಅದು ಮುಗಿದಿತ್ತು. ಆ ಕಿರುಚಾಟ ಸರೋವರದ ಆಚೆ ದಡಕ್ಕೂ ಕೇಳಿಸಿತೆಂದು ಮಗ ಹೇಳುತ್ತಾನೆ; ಅವನ ಮಾತು ನಂಬಬೇಡಿ.

ಕರಡಿಗಳ ದೆಸೆಯಿಂದ ಅಲ್ಲಿ ಇನ್ನೊಂದು ಕಟ್ಟುನಿಟ್ಟು. ಎದ್ದು ಹೋಗುವಾಗ ವಾಸನೆ ಬರುವ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ತಿಂಡಿಯಷ್ಟೇ ಅಲ್ಲ, ಸೋಪು, ಪೇಸ್ಟು, ಖಾಲಿ ಪಾತ್ರೆಯೂ ಸೇರಿ. ನಾನು ಅತ್ತೆಯ ಚೀಲ ಬಿಚ್ಚಿದೆ: ಇಂಗಿನ ಡಬ್ಬಿ, ಪುಳಿಯೋಗರೆ ಗೊಜ್ಜು, ಮಾವಿನಮಿಡಿ, ಮೆಂತ್ಯದ ಹಿಟ್ಟು, ಹರಳೆಣ್ಣೆ, ಅಮೃತಾಂಜನ, ಊದುಬತ್ತಿ. ವಾಸನೆ ಇಲ್ಲದ್ದು ಅಂದರೆ ಅವರ ಪಾಸ್‌ಪೋರ್ಟ್ ಒಂದೇ. ಎಲ್ಲವನ್ನೂ ಒಳಗಿಟ್ಟು ಕಿಟಕಿ ಮುಚ್ಚಿ ಮಲಗಿದೆವು. ಕರಡಿಗೆ ತೊಂದರೆಯಾಗಲಿಲ್ಲ.

ಅಡುಗೆಯ ಕಥೆ ಬೇರೆ. ಆ ಜಾಗ 7,800 ಅಡಿ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಕುದಿಯುವುದು ಕಾಣಿಸುತ್ತದೆ, ತೊಗರಿಬೇಳೆಗೆ ಮಾತ್ರ ಆ ಸುದ್ದಿ ತಲುಪುವುದಿಲ್ಲ. ಬೇಳೆ ಬೇಯುವಷ್ಟರಲ್ಲಿ ಹತ್ತು ಗಂಟೆ ಹೊಡೆದಿತ್ತು. ಹತ್ತರಿಂದ ಬೆಳಗಿನ ಆರರವರೆಗೆ ಯಾರೂ ಸದ್ದು ಮಾಡಬಾರದೆಂದು ನಿಯಮ. ಅತ್ತೆ ಸದ್ದಿಲ್ಲದೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರು. ನೆತ್ತಿಯ ಮೇಲಿದ್ದ ಹೊಗೆಯ ಅಲಾರಂ ಇಡೀ ಕಾಡಿಗೆ ಸಾರು ಸಿದ್ಧವಾಯಿತೆಂದು ಸಾರಿತು.

ಅಲ್ಲಿ ಬೇಸಿಗೆಯಲ್ಲೂ ರಾತ್ರಿ ಹಲ್ಲು ಕಟಕಟ ಅನ್ನುತ್ತದೆ. ಹೀಟರಿಗೆ ಬೆಂಕಿ ಪ್ರೊಪೇನ್ ಗ್ಯಾಸಿನದಾದರೂ ಬಿಸಿಗಾಳಿ ದೂಡುವ ಫ್ಯಾನು ಬ್ಯಾಟರಿಯದು. ನಡುರಾತ್ರಿ ಫ್ಯಾನು ನಿಂತಿತು, ಆಮೇಲೆ ಎಲ್ಲೋ 'ಚಿಕ್' ಅಂತು. ಸ್ವಲ್ಪ ಬಿಟ್ಟು ಮತ್ತೆ 'ಚಿಕ್'. "ಯಾವುದೋ ಅಪರೂಪದ ಹಕ್ಕಿ ಕಣೇ" ಎಂದು ಪಿಸುಗುಟ್ಟಿ ಯಜಮಾನರು ಟಾರ್ಚು ಹಿಡಿದು ಹೊರಗೆ ಹೋದರು. ಹೊರಗೆ ಕೇಳಿಸಲಿಲ್ಲ. ಒಳಗೆ ಬಂದರೆ ಕೇಳಿಸಿತು. ಹಾಗೆ ಹೊರಗೂ ಒಳಗೂ ಅಲೆದು ಕೊನೆಗೆ ಹಕ್ಕಿ ಸಿಕ್ಕಿದ್ದು ನನ್ನ ಕಾಲ ಬುಡದಲ್ಲಿ: ಗ್ಯಾಸ್ ಸೋರಿಕೆ ಪತ್ತೆಮಾಡುವ ಯಂತ್ರ. ಬ್ಯಾಟರಿ ಇಳಿದಿದೆ ಎಂದು ಪಾಪ ಅದು ದೂರು ಹೇಳುತ್ತಿತ್ತು. ಯಜಮಾನರು ಮರ್ಯಾದೆ ಉಳಿಸಿಕೊಳ್ಳಲು ಎಂಜಿನ್ ಚಾಲೂ ಮಾಡಿ ಬ್ಯಾಟರಿ ತುಂಬಿಸುತ್ತೇನೆಂದರು. ಸದ್ದಿನ ನಿಯಮ ನೆನಪಿಸಿ ಕೂರಿಸಿದೆ. ಇದ್ದಬದ್ದ ಸೀರೆ, ಟವಲು ಹೊದ್ದು ಬೆಳಗು ಮಾಡಿದೆವು.

ಕಕ್ಕಸಿನ ಟ್ಯಾಂಕಿನ ದೀಪ ಮಾತ್ರ ಮೂರರಲ್ಲಿ ಎರಡು ಪಾಲು ಎಂದು ತೋರಿಸಿದ್ದು ಕದಲಲೇ ಇಲ್ಲ. ಕಾಗದ ಅಂಟಿಕೊಂಡರೆ ಈ ಸೆನ್ಸರ್‌ಗಳು ಸುಳ್ಳು ಹೇಳುವುದು ಮಾಮೂಲಂತೆ. ಆದರೆ ನಮಗೆ ಧೈರ್ಯ ಸಾಲಲಿಲ್ಲ, ಗಾಡಿಯನ್ನು ಗ್ರಾಂಟ್ ವಿಲೇಜಿನ ಡಂಪ್ ಸ್ಟೇಷನ್ನಿಗೆ ಓಡಿಸಿದೆವು. ಕ್ರಮ ಹೀಗೆ: ಮೊದಲು ಕಕ್ಕಸಿನ ಟ್ಯಾಂಕು ಬಿಡಬೇಕು, ಆಮೇಲೆ ಬಚ್ಚಲ ನೀರು ಬಿಟ್ಟರೆ ಅದೇ ಪೈಪು ತೊಳೆದುಕೊಳ್ಳುತ್ತದೆ. ಕೈಗವಸು ತೊಟ್ಟ ಯಜಮಾನರು ಇದನ್ನು ತಾಯಿಗೆ ಹೆಮ್ಮೆಯಿಂದ ವಿವರಿಸಿದ್ದೇ ತಪ್ಪಾಯಿತು.

"ಅಂದ್ರೆ ನಾನು ಅಕ್ಕಿ ತೊಳೆದ ನೀರೂ ಅದೇ ಪೈಪಿನಲ್ಲೇನೋ? ಮೊದಲು ಸ್ನಾನ ಮಾಡು. ಆಮೇಲೆ ಒಳಗೆ ಬಾ."

"ಅಮ್ಮಾ, ಸ್ನಾನ ಮಾಡಬೇಕಾದರೆ ಒಳಗೇ ಬರಬೇಕು. ಮಾಡಿದರೆ ಟ್ಯಾಂಕು ಮತ್ತೆ ತುಂಬುತ್ತೆ."

"ತುಂಬಿದ್ರೆ ಮತ್ತೆ ಖಾಲಿ ಮಾಡು."

"ಆಮೇಲೆ ಮತ್ತೆ ಸ್ನಾನ ಮಾಡು ಅಂತೀಯ!"

"ಮಾಡಬೇಕಲ್ವೇನೋ ಮತ್ತೆ?"

ಹಿಂದೆ ಸರದಿಯಲ್ಲಿದ್ದ ಗಾಡಿಯವರು ಹಾರನ್ ಮಾಡದೆ ಕಾದರು. ಈ ದೇಶದವರ ಸಹನೆಯನ್ನು ನಾನು ಮೆಚ್ಚುತ್ತೇನೆ.

ನೀವು ಹೋಗುವುದಾದರೆ ಜೂನ್ ಅರ್ಧ ಕಳೆಯಲಿ, ಅದಕ್ಕೂ ಮುಂಚೆ ಆ ಕ್ಯಾಂಪ್‌ಗ್ರೌಂಡ್ ಸಾಮಾನ್ಯವಾಗಿ ತೆರೆದಿರುವುದಿಲ್ಲ. ಮಿಕ್ಸಿ ಬೇಡ, ಚಟ್ನಿಪುಡಿ ಸಾಕು. ಅಕ್ಕಿ ಮನೆಯಲ್ಲೇ ತೊಳೆದು ಒಣಗಿಸಿಕೊಂಡು ಹೋಗಿ. ಸರೋವರ ಬಹಳ ಚೆನ್ನಾಗಿದೆ. ಮಗ ತೆಗೆದ ಫೋಟೋಗಳಲ್ಲಿ ನೋಡಿದೆವು.